ತೊಳೆದ ಲೋಟದಲ್ಲಿ ಅರ್ಧ ಟೀ

"ಈ ಲೋಟಕ್ಕೆ ಟೀ ಹಾಕಿದವರು ಯಾರು?"

ದಫೇದಾರ ನಕ್ಕುಬಿಟ್ಟ. ಕೂದಲೆಲ್ಲ ಬೆಳ್ಳಗಾಗಿ, ನಿವೃತ್ತಿಗೆ ನಾಲ್ಕೇ ತಿಂಗಳು ಉಳಿದಿದ್ದ ಮನುಷ್ಯ. ನಗುವುದಕ್ಕೆ ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ಮೇಡಂ, ಮನುಷ್ಯ ಸತ್ತು ಐದು ದಿನ ಆಯ್ತು. ನಾವಿನ್ನೂ ಟೀ ಯಾರು ಹಾಕಿದ್ದು ಅಂತ ಕೇಳ್ತಾ ನಿಂತಿದ್ದೀವಿ. ಸಾಹೇಬರ ಕಿವಿಗೆ ಬಿದ್ರೆ ಇಬ್ಬರನ್ನೂ ಯಾವುದಾದ್ರೂ ಹೋಟೆಲಿಗೆ ವರ್ಗ ಮಾಡ್ತಾರೆ."

ಇನ್‌ಸ್ಪೆಕ್ಟರಮ್ಮನಿಗೆ ನಗು ಬರಲಿಲ್ಲ. ಅವಳ ಕೈಯಲ್ಲಿ ಪೊಲೀಸ್ ಫೋಟೋ ಇತ್ತು, ಎದುರಿಗೆ ಮೂರು ಗೋಡೆಯ ಮನೆ. ನಾಲ್ಕನೆಯ ಗೋಡೆ ಇರಬೇಕಾದ ಕಡೆ ಕ್ಯಾಮೆರಾ ಓಡಾಡುವ ಹಳಿ. ಸ್ಟುಡಿಯೋದವರು ಇದನ್ನು ಎರಡನೇ ಫ್ಲೋರು ಅನ್ನುತ್ತಾರೆ.

ಇಲ್ಲಿ ತಯಾರಾಗುತ್ತಿದ್ದ ಸಿನಿಮಾದ ಕಥೆ ಇಷ್ಟೇ: ಬ್ಯಾಂಕಿನ ಬಡ ಕ್ಯಾಷಿಯರನಿಗೆ ದುಡ್ಡು ತುಂಬಿದ ಸೂಟ್‌ಕೇಸ್ ಸಿಗುತ್ತದೆ. ಎರಡೂವರೆ ಗಂಟೆ ಒದ್ದಾಡಿ ಕೊನೆಗೆ ಅದನ್ನು ಹಿಂದಕ್ಕೆ ಕೊಟ್ಟುಬಿಡುತ್ತಾನೆ. ಧರ್ಮ ಗೆಲ್ಲುತ್ತದೆ. ಸಿನಿಮಾದಲ್ಲಿ ಧರ್ಮ ಗೆಲ್ಲದೆ ಇನ್ನೇನು ಮಾಡೀತು, ಟಿಕೆಟ್ಟಿನ ದುಡ್ಡು ಹಿಂದಕ್ಕೆ ಕೊಡುವ ಪದ್ಧತಿ ಎಲ್ಲೂ ಇಲ್ಲವಲ್ಲ.

ಆ ಕ್ಯಾಷಿಯರನ ಮೇಜಿನ ಮೂಲೆಗೇ ಗುರುವಾರ ಸಂಜೆ ಸಾಮಾನಜ್ಜನ ತಲೆ ಬಡಿದದ್ದು. ಸೆಟ್ಟಿಗೆ ಬೇಕಾದ ಕುರ್ಚಿ, ಕೊಡೆ, ಖೋಟಾ ನೋಟು, ಎಲ್ಲವನ್ನೂ ಒದಗಿಸುತ್ತಿದ್ದ ಮುದುಕ. ಕೊಂದವನು ಅವನ ಅಳಿಯ ಎಂದು ಠಾಣೆಯಲ್ಲಿ ತೀರ್ಮಾನವಾಗಿತ್ತು. ಅಳಿಯ ಇದೇ ಯೂನಿಟ್ಟಿನ ಲೈಟಿನವನು. ಮಾವನ ಜೊತೆ ಬುಧವಾರ ಎಲ್ಲರೆದುರೇ ಜಗಳವಾಡಿದ್ದ. ನಾಳೆ ಹನ್ನೊಂದಕ್ಕೆ ಅವನನ್ನು ಕೋರ್ಟಿಗೆ ಕರೆದೊಯ್ಯಬೇಕು. ತಪ್ಪೊಪ್ಪಿಗೆಗೆ ಸಹಿ ಬಿದ್ದಾಗಿದೆ. ಸಹಿ ಹಾಕಿದ ಕೈ ಎಷ್ಟು ಊದಿಕೊಂಡಿದೆ ಎಂಬುದನ್ನು ಯಾವ ಕಾಗದದಲ್ಲೂ ಬರೆದಿಲ್ಲ.

"ನೋಡಿ ದಫೇದಾರ್ರೇ. ಅಜ್ಜ ಇಲ್ಲಿ ಬಿದ್ದಿದ್ದಾನೆ. ತಲೆ ಬಡಿದಿರೋದು ಇದೇ ಮೇಜಿಗೆ. ಮೇಜಿನ ಮೇಲೆ ಲೋಟ, ಲೋಟದಲ್ಲಿ ಅರ್ಧ ಟೀ. ಮೇಜಿನ ಬಟ್ಟೆ ಮೇಲೆ ಒಂದು ಹನಿನೂ ಚೆಲ್ಲಿಲ್ಲ."

"ಗಟ್ಟಿ ಮೇಜು."

"ಒಂದು ಬೆರಳಲ್ಲಿ ತಳ್ಳಿ."

ದಫೇದಾರ ತಳ್ಳಿದ. ಮೂಲೆಗೆ ಹೊಡೆದಿದ್ದ ಕಬ್ಬಿಣದ ಪಟ್ಟಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಪ್ಲೈವುಡ್ಡು. ಮೇಜು ಕುಡಿದವನ ಹಾಗೆ ಓಲಾಡಿತು.

"ಹಿಂದಿನ ತೊಟ್ಟಿ ಹತ್ರ ಇನ್ನೊಂದು ವಿಷಯ ನೋಡಿದೆ," ಎಂದಳು. "ಇದು ಆರು ಲೋಟದ ಸೆಟ್ಟು. ಐದು ತೊಳೆದು ಒಂದು ಬಟ್ಟೆ ಮೇಲೆ ಬೋರಲು ಹಾಕಿವೆ. ಆರನೇದು ಇದ್ದ ಕಡೆ ದುಂಡಗೆ ನೀರಿನ ಕಲೆ. ಪ್ಯಾಕಪ್ ಆದ ಮೇಲೆ ಲೋಟ ತೊಳೆದಿಡದೆ ಅಪ್ಪ ಮನೆಗೆ ಬಂದಿದ್ದೇ ಇಲ್ಲ ಅಂತ ಅಜ್ಜನ ಮಗಳು ಹೇಳಿದಳು. ಅಂದ್ರೆ ಅಜ್ಜ ಆರೂ ಲೋಟ ತೊಳೆದ. ಸತ್ತ. ಸತ್ತ ಮೇಲೆ ಯಾರೋ ಒಂದು ಲೋಟ ಎತ್ಕೊಂಡು ಬಂದು, ಮೇಜಿನ ಮೇಲಿಟ್ಟು, ಟೀ ಹಾಕಿದ್ದಾರೆ."

"ಬಾಯಾರಿಕೆ ಆಗಿರ್ಬೇಕು."

"ಕುಡೀಲಿಲ್ಲವಲ್ಲ."

ದಫೇದಾರ ಬಗ್ಗಿ ಫೋಟೋದಲ್ಲಿದ್ದ ಲೋಟವನ್ನು ನೋಡಿದ.

"ಕೊಂದವನು ಓಡಿಹೋಗ್ತಾನೆ. ತಲೆ ಇದ್ರೆ ರಕ್ತ ಒರೆಸ್ತಾನೆ. ಟೀ ಹಾಕ್ತಾನಾ? ಇಡೀ ಊರಲ್ಲಿ ಇಂಥ ಕೆಲಸ ಮಾಡೋ ಮನುಷ್ಯ ಒಬ್ಬನೇ ಇರೋದು. ಅವರನ್ನ ಬರಹೇಳಿದ್ದೀನಿ."

ಅವರು ಬರುವ ಮುಂಚೆ ಅವಳು ಎರಡು ಕೆಲಸ ಮಾಡಿದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ ಜಾಗದಿಂದ ಕುರ್ಚಿಯನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದಳು. ಗೋಡೆಯ ಮೇಲಿನ ನಿಂತ ಗಡಿಯಾರದ ಮುಳ್ಳನ್ನು ನಾಲ್ಕೂ ಹತ್ತರಿಂದ ಐದಕ್ಕೆ ತಿರುಗಿಸಿದಳು.

ಬಂದವರು ಗುರುತು ಮೇಷ್ಟ್ರು. ಐವತ್ತೈದು ವಯಸ್ಸು, ಸವೆದ ಕಾಲರು, ಕಂಕುಳಲ್ಲಿ ದಪ್ಪ ಆಲ್ಬಮ್ಮು. ಕತ್ತಿನಲ್ಲಿ ಒತ್ತಿದ ಕೂಡಲೇ ಹೊಟ್ಟೆಯಿಂದ ಫೋಟೋ ಹೊರಹಾಕುವ ಹಳೇ ಕಾಲದ ಕ್ಯಾಮೆರಾ. ಮೂವತ್ತು ವರ್ಷದಿಂದ ಅವರ ಕಸುಬು ಒಂದೇ, ಕಂಟಿನ್ಯುಟಿ. ಒಂದು ಶಾಟಿಗೂ ಮುಂದಿನ ಶಾಟಿಗೂ ನಡುವೆ ಒಂದು ಗಂಟೆ ಹೋಗಲಿ, ಒಂದು ತಿಂಗಳು ಹೋಗಲಿ, ತೆರೆಯ ಮೇಲೆ ಅದು ಒಂದೇ ಗಳಿಗೆ. ನಾಯಕನ ಯಾವ ಗುಂಡಿ ಬಿಚ್ಚಿತ್ತು, ಟೀ ಎಷ್ಟಿತ್ತು, ಗಡಿಯಾರ ಎಷ್ಟು ತೋರಿಸುತ್ತಿತ್ತು, ಎಲ್ಲವನ್ನೂ ಫೋಟೋ ತೆಗೆದು ಅಂಟಿಸಿಟ್ಟುಕೊಂಡು ಮತ್ತೆ ಹಾಗೇ ಜೋಡಿಸಬೇಕು. ತಪ್ಪಿಲ್ಲದಿದ್ದರೆ ಅವರು ಇದ್ದಾರೆಂದೇ ಯಾರಿಗೂ ನೆನಪಿರುವುದಿಲ್ಲ. ತಪ್ಪಾದರೆ ಇಡೀ ಯೂನಿಟ್ಟು ಅವರ ಹೆಸರು ಹಿಡಿದು ಬೈಯುತ್ತದೆ.

"ಕೂತ್ಕೊಳ್ಳಿ ಮೇಷ್ಟ್ರೇ. ಗುರುವಾರ ಸಂಜೆ ಎಲ್ಲಿದ್ರಿ?"

"ಪ್ಯಾಕಪ್ ಆಯ್ತು. ಮನೆಗೆ ಹೋದೆ."

"ಎಷ್ಟು ಗಂಟೆಗೆ?"

"ಆರೂವರೆ." ಮೇಷ್ಟ್ರ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಗಡಿಯಾರದ ಮೇಲಿತ್ತು.

"ಬಸ್ಸಲ್ಲಾ?"

"ಹೂಂ. ಬಸ್ಸು." ಕಣ್ಣು ಈಗ ಕುರ್ಚಿಯ ಕಾಲಿಗೆ ಇಳಿದಿತ್ತು.

"ಅಜ್ಜನ ಹತ್ರ ಮಾತಾಡಿದ್ರಾ?"

"ಇಲ್ಲ... ಒಂದ್ನಿಮಿಷ ಮೇಡಂ." ಮೇಷ್ಟ್ರು ಎದ್ದರು. ಕುರ್ಚಿಯನ್ನು ಮೆಲ್ಲಗೆ ಎತ್ತಿ ನಾಲ್ಕು ಕಾಲನ್ನೂ ನಾಲ್ಕು ಗುರುತಿನ ಮೇಲಿಟ್ಟರು. ಗೋಡೆಯ ಹತ್ತಿರ ಹೋಗಿ ಮುಳ್ಳನ್ನು ನಾಲ್ಕೂ ಹತ್ತಕ್ಕೆ ತಂದರು. "ಯಾರೋ ಮುಟ್ಟಿದ್ದಾರೆ," ಎಂದರು, ಕ್ಷಮೆ ಕೇಳುವವರ ಹಾಗೆ.

ಇನ್‌ಸ್ಪೆಕ್ಟರಮ್ಮ ತಾನು ತಂದಿದ್ದ ಫ್ಲಾಸ್ಕ್ ತೆರೆದು ಮೇಜಿನ ಮೇಲಿದ್ದ ಲೋಟಕ್ಕೆ ಟೀ ಸುರಿದಳು. "ಇಷ್ಟು ಸಾಕಾ ಮೇಷ್ಟ್ರೇ?"

"ಜಾಸ್ತಿ ಆಯ್ತು."

"ಎಷ್ಟಿರ್ಬೇಕು?"

ಅವರು ಲೋಟ ತಗೊಂಡು ಫ್ಲಾಸ್ಕಿಗೆ ಹಿಂದಕ್ಕೆ ಬಗ್ಗಿಸಿದರು. ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ಇನ್ನೊಂದು ಗುಟುಕು ಬಗ್ಗಿಸಿದರು. ಲೋಟದ ಹಸಿರು ಗೆರೆಯಿಂದ ಒಂದು ಬೆರಳು ಕೆಳಗೆ ಬಂದಾಗ ಸಮಾಧಾನವಾಗಿ ಮೇಜಿನ ಮೇಲಿಟ್ಟರು.

ಅವಳು ಪೊಲೀಸ್ ಫೋಟೋವನ್ನು ಲೋಟದ ಪಕ್ಕದಲ್ಲಿಟ್ಟಳು. ಹಸಿರು ಗೆರೆ. ಒಂದು ಬೆರಳು ಕೆಳಗೆ ಟೀ.

ಮೇಷ್ಟ್ರು ಫೋಟೋ ನೋಡಿದರು, ಲೋಟ ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ಕಸುಬಿನ ಗುಣ ಅದಕ್ಕಿಂತ ಕೆಟ್ಟದ್ದು, ಕೊಲೆಯ ನಡುವೆಯೂ ಕೆಲಸಕ್ಕೆ ಹಾಜರಾಗುತ್ತದೆ.

"ಕೊಲ್ಲಬೇಕು ಅಂತ ಇರ್ಲಿಲ್ಲಮ್ಮ," ಎಂದರು.

"ಹೇಳಿ."

"ಸೂಟ್‌ಕೇಸಲ್ಲಿದ್ದದ್ದು ಅಸಲಿ ದುಡ್ಡು."

ಬಾಗಿಲ ಹತ್ತಿರ ನಿಂತಿದ್ದ ದಫೇದಾರ ಕೆಮ್ಮಿದ. ಇನ್‌ಸ್ಪೆಕ್ಟರಮ್ಮ ತಿರುಗಿ ನೋಡಲಿಲ್ಲ.

"ಅದರಲ್ಲಿ ಇದ್ದದ್ದು ಬಿಳಿ ಕಾಗದದ ಕಂತೆ ಮೇಷ್ಟ್ರೇ. ಮೇಲೊಂದು ಕೆಳಗೊಂದು ನೋಟು. ನಲವತ್ತು. ನಾನೇ ಕಣ್ಣಾರೆ ನೋಡಿದ್ದೀನಿ."

"ಅಜ್ಜ ಮಾಡಿಟ್ಟಿದ್ದ ಕಂತೆ ಹಾಗೇ ಇರ್ತಿತ್ತು. ಆದ್ರೆ ಬುಧವಾರ ನಿರ್ಮಾಪಕರು ಬೇರೆ ನಲವತ್ತು ಕಂತೆ ತುಂಬಿಸಿದ್ರು. ಲೆಕ್ಕಕ್ಕೆ ಸಿಗಬಾರದ ದುಡ್ಡು. ಮನೆಯಲ್ಲಿಟ್ರೆ ದಾಳಿ ಆಗುತ್ತೆ, ಬ್ಯಾಂಕಲ್ಲಿಟ್ರೆ ಕೇಳ್ತಾರೆ. ಸಿನಿಮಾ ಸೆಟ್ಟಲ್ಲಿ ಸೂಟ್‌ಕೇಸ್ ತೆಗೆದೇ ಇಟ್ರೂ ಯಾರೂ ತಿರುಗಿ ನೋಡಲ್ಲ. ಅಜ್ಜನ ಖೋಟಾ ಕಂತೆನೆಲ್ಲ ಆ ಕಪಾಟಿನ ಕೆಳಗಿನ ಖಾನೆಗೆ ತಳ್ಳಿದ್ರು."

ಐದು ದಿನದಿಂದ ನಿರ್ಮಾಪಕ ಠಾಣೆಗೆ ಬಂದು ಅಜ್ಜನ ಬಗ್ಗೆ ಕಣ್ಣೊರೆಸಿಕೊಂಡು ಹೋಗುತ್ತಿದ್ದ. ಕಳುವಾಯಿತು ಅಂತ ಒಂದು ಮಾತೂ ಆಡಿರಲಿಲ್ಲ. ಕಳ್ಳನಿಗೆ ಚೇಳು ಕುಟುಕಿದರೆ ಕೂಗಿಕೊಳ್ಳುವ ಹಾಗೂ ಇಲ್ಲ ಎಂಬುದು ಅವಳಿಗೆ ಈಗ ಅರ್ಥವಾಯಿತು.

"ಅಜ್ಜನಿಗೆ ಮುಟ್ಟಿದ ಕೂಡಲೇ ಗೊತ್ತಾಗಿದೆ. ಪ್ಯಾಕಪ್ ಆದ ಮೇಲೆ ನನ್ನನ್ನ ಕರೆದ. ಪೊಲೀಸಿಗೆ ಹೇಳೋಣ ಮೇಷ್ಟ್ರೇ, ನಾಳೆ ಏನಾದ್ರೂ ಆದ್ರೆ ಸಾಮಾನಿನವನ ತಲೆಗೆ ಬರುತ್ತೆ ಅಂದ." ಮೇಷ್ಟ್ರು ಕಹಿಯಾಗಿ ನಕ್ಕರು. "ನಾನು ಬೇಡ ಅಂದೆ. ಎರಡೇ ಎರಡು ಕಂತೆ ತಗೊಳ್ಳೋಣ, ಯಾರು ಎಣಿಸ್ತಾರೆ ಅಂದೆ. ಮೂವತ್ತು ವರ್ಷದಲ್ಲಿ ಇಂಥ ಸಿನಿಮಾ ಹದಿನೆಂಟು ಮಾಡಿದ್ದೀನಿ ಮೇಡಂ. ಎಲ್ಲದರಲ್ಲೂ ನಾಯಕ ದುಡ್ಡು ವಾಪಸ್ ಕೊಡ್ತಾನೆ, ಜನ ಚಪ್ಪಾಳೆ ಹೊಡೀತಾರೆ. ಆ ಸೀನು ಬರೆದವನಿಗೂ ತೆಗೆದವನಿಗೂ ಸಂಬಳ ಬಾಕಿ."

"ಆಮೇಲೆ?"

"ಅಜ್ಜ ಸೂಟ್‌ಕೇಸ್ ಮುಚ್ಚೋಕೆ ಬಂದ. ಅಡ್ಡ ಬಂದವನನ್ನ ದೂಡಿದೆ. ಇಷ್ಟೇ. ಬಾಗಿಲು ದೂಡೋವಷ್ಟು. ಬಿದ್ದ. ಮೇಜೂ ಕುರ್ಚಿನೂ ಉರುಳಿದ್ವು. ಕರೆದೆ, ಮಾತಾಡ್ಲಿಲ್ಲ. ಮೂಗಿನ ಹತ್ರ ಕೈ ಇಟ್ಟೆ."

ಮೇಷ್ಟ್ರು ಆ ಕೈಯನ್ನು ಅಂಗಿಗೆ ಒರೆಸಿಕೊಂಡರು.

"ಏನು ಮಾಡ್ಬೇಕೋ ಗೊತ್ತಾಗ್ಲಿಲ್ಲ. ಗೊತ್ತಿರೋದು ಇದೊಂದೇ. ಮೇಜು ಎತ್ತಿಟ್ಟೆ. ಕುರ್ಚಿ ಗುರುತಿಗೆ ತಂದೆ. ಆಲ್ಬಮ್ ತೆಗೆದು ನೋಡಿದೆ, ಲೋಟ ಇರ್ಲಿಲ್ಲ. ಹುಡುಕಿ ತಂದು, ಯೂನಿಟ್ಟಿನ ಫ್ಲಾಸ್ಕಲ್ಲಿ ಉಳಿದಿದ್ದ ಟೀ ಹಾಕಿದೆ. ಎಲ್ಲ ಸರಿ ಮಾಡಿದ್ರೆ ಏನೂ ಆಗದೆ ಇದ್ದ ಹಾಗೆ ಆಗುತ್ತೆ ಅನ್ನಿಸ್ತು."

ಅವಳಿಗೆ ಒಂದು ಕ್ಷಣ ಕನಿಕರ ಬಂತು. ಅದರ ಹಿಂದೆಯೇ ಲಾಕಪ್ಪಿನ ಮೂಲೆಯಲ್ಲಿ ಮೊಣಕಾಲಿಗೆ ಮುಖ ಹುದುಗಿಸಿ ಕೂತವನ ನೆನಪಾಗಿ ಕನಿಕರ ಆರಿಹೋಯಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನೀವು ಐದು ದಿನ ಸುಮ್ಮನೆ ಕೂತಿದ್ರಿ. ಅಜ್ಜನ ಅಳಿಯ ಒದೆ ತಿಂದ. ಅವನ ಹೆಂಡತಿ ಕೂಸು ಎತ್ಕೊಂಡು ಠಾಣೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ನಿಮಗೆ ಗೊತ್ತಾ?"

"ಗೊತ್ತು. ಒಂದು ಕಂತೆ ಅವಳಿಗೇ ಕೊಟ್ಟೆ. ಯೂನಿಯನ್ನಿಂದ ಅಂತ ಸುಳ್ಳು ಹೇಳಿ. ಮೇಷ್ಟ್ರೇ ನೀವು ದೇವರಂಥೋರು ಅಂದಳು." ಮೇಷ್ಟ್ರು ಮುಖ ಮುಚ್ಚಿಕೊಂಡರು. "ಇನ್ನೊಂದು ಕಂತೆ ಮನೆ ಬಾಡಿಗೆಗೆ ಹೋಯ್ತು."

"ಉಳಿದ ಮೂವತ್ತೆಂಟು?"

ಮೇಷ್ಟ್ರು ಕೈ ತೆಗೆದು ಅವಳನ್ನು ನೋಡಿದರು. ಅರ್ಥವಾಗದೆ ನೋಡಿದರು.

"ಅದು ನಂಗೇನು ಗೊತ್ತಮ್ಮ? ಅಷ್ಟನ್ನ ಮುಟ್ಟೋ ಎದೆ ನಂಗಿಲ್ಲ. ಅಲ್ಲೇ ಬಿಟ್ಟು ಬಂದೆ."

"ಸುಳ್ಳು ಹೇಳ್ಬೇಡಿ."

ಅವರು ಆಲ್ಬಮ್ಮಿನ ಕೊನೆಯ ಹಾಳೆ ತೆರೆದರು.

ಅಲ್ಲೊಂದು ಫೋಟೋ ಅಂಟಿಸಿತ್ತು. ಕೆಳಗೆ ಮೇಷ್ಟ್ರ ಸಣ್ಣ ಅಕ್ಷರ: ಗುರುವಾರ, ಸಂಜೆ ಏಳೂ ಹತ್ತು. ಜೋಡಿಸಿದ ಮೇಲೆ ಫೋಟೋ ತೆಗೆಯುವುದು ಅವರ ಪದ್ಧತಿ; ಅವತ್ತೂ ತೆಗೆದಿದ್ದರು. ಮೇಜು, ಲೋಟ, ಗಡಿಯಾರ, ಕುರ್ಚಿ, ಮಂಚದ ಮೇಲೆ ತೆರೆದ ಸೂಟ್‌ಕೇಸ್. ನೆಲದ ಮೇಲೆ ಬಿದ್ದಿದ್ದ ಅಜ್ಜ ಮಾತ್ರ ಇರಲಿಲ್ಲ. ಶಾಟಿನಲ್ಲಿ ಇಲ್ಲದ್ದನ್ನು ಮೇಷ್ಟ್ರು ತೆಗೆಯುವವರಲ್ಲ.

ಅವಳು ಫೋಟೋವನ್ನು ಕಿತ್ತು ಬೆಳಕಿಗೆ ಹಿಡಿದಳು. ಸೂಟ್‌ಕೇಸಿನ ಕಂತೆಗಳ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ಹೊಸ ಕಾಗದ ಕತ್ತರಿಸಿ ಮಾಡಿದ ಕಂತೆಯ ಅಂಚು ಬೆಳ್ಳಗಿರುತ್ತದೆ. ಇವು ಕೊಳೆ ಹಿಡಿದಿದ್ದವು, ಸಾವಿರ ಕೈ ದಾಟಿ ಬಂದ ನೋಟಿನ ಕೊಳೆ. ಒಂದು ಮೂಲೆಯಲ್ಲಿ ಎರಡು ಕಂತೆಯಷ್ಟು ಜಾಗ ಖಾಲಿ.

ಪೊಲೀಸ್ ಫೋಟೋ ಶುಕ್ರವಾರ ಬೆಳಗ್ಗೆ ಒಂಬತ್ತೂವರೆಯದು. ಅದೇ ಮಂಚ, ಅದೇ ಸೂಟ್‌ಕೇಸ್. ಖಾಲಿ ಜಾಗ ಎಲ್ಲೂ ಇಲ್ಲ. ಅಂಚು ಹಾಲಿನಷ್ಟು ಬಿಳಿ.

ಈ ಎರಡು ಫೋಟೋಗಳ ನಡುವೆ ಯಾರೋ ಅಸಲಿ ಕಂತೆ ತೆಗೆದು, ಕಪಾಟಿನ ಕೆಳಗಿನ ಖಾನೆಯಿಂದ ಖೋಟಾ ಕಂತೆ ತುಂಬಿಸಿದ್ದರು.

ಗುರುವಾರ ಏಳೂವರೆಗೆ ವಾಚ್‌ಮನ್ ಒಳಗೆ ಇಣುಕದೆ ಹೊರಗಿನಿಂದ ಬೀಗ ಹಾಕಿದ್ದ. ಶುಕ್ರವಾರ ಎಂಟಕ್ಕೆ ಬೀಗ ತೆಗೆದ, ಹೆಣ ಕಂಡ, ಫೋನ್ ಮಾಡಿ ರಸ್ತೆಗೆ ಓಡಿದ. ಆಮೇಲೆ ಎಷ್ಟು ಕರೆದರೂ ಒಳಗೆ ಬಂದಿರಲಿಲ್ಲ. ಠಾಣೆಯಿಂದ ಮೊದಲು ಬಂದವನು ಒಬ್ಬನೇ ಬಂದಿದ್ದ. ಸ್ಥಳದ ಮಹಜರು ಅವನ ದುಂಡನೆಯ ಅಕ್ಷರದಲ್ಲೇ ಇತ್ತು: ಸೂಟ್‌ಕೇಸ್ ಒಂದು, ಒಳಗೆ ಬಿಳಿ ಕಾಗದದ ಕಂತೆ ನಲವತ್ತು.

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ಬಾಗಿಲ ಕಡೆ ತಿರುಗಿದಳು. ಕೆಲಸಕ್ಕೆ ಸೇರಿದ ಮೊದಲ ವಾರ ಹೆಣ ಕಂಡು ಅವಳು ವಾಂತಿ ಮಾಡಿಕೊಂಡಾಗ ತಲೆ ಹಿಡಿದುಕೊಂಡವನು ಈ ಮನುಷ್ಯ. ಮಹಜರು ಬರೆಯುವುದನ್ನು ಕಲಿಸಿದವನೂ ಇವನೇ.

"ದಫೇದಾರ್ರೇ. ಶುಕ್ರವಾರ ನಾನು ಬರೋ ಮುಂಚೆ ನೀವು ಎಷ್ಟು ಹೊತ್ತು ಒಳಗಿದ್ರಿ?"

"ಮುಕ್ಕಾಲು ಗಂಟೆ." ಯಾಕೆ ಕೇಳಿದಿರಿ ಅಂತ ಅವನು ಕೇಳಲಿಲ್ಲ. ಬಾಗಿಲು ಮುಂದೆ ಮಾಡಿ ಅಗಳಿ ಹಾಕಿದ. "ಮೇಷ್ಟ್ರು ಸರಿಯಾಗೇ ಹೇಳಿದ್ರು. ಮೂವತ್ತೆಂಟೇ. ಎರಡು ಸಲ ಎಣಿಸಿದೆ."

"ಆ ಹುಡುಗನ ಕೈ ಊದಿಸಿದ್ರಲ್ಲ, ನಿಮಗೆ ಗೊತ್ತಿತ್ತಾ ಅವನಲ್ಲ ಅಂತ?"

"ಅನುಮಾನ ಇತ್ತು."

"ಥೂ!"

"ಉಗಿ. ಉಗಿಸ್ಕೊಳ್ಳೋ ವಯಸ್ಸೇ ಇದು." ಅವನ ದನಿ ಏರಲಿಲ್ಲ. "ಹಣ ಅಂದ್ರೆ ಹೆಣವೂ ಬಾಯಿ ಬಿಡುತ್ತೆ ಅಂತಾರೆ. ಆ ಹೆಣ ಬಾಯಿ ಬಿಡ್ಲಿಲ್ಲ, ಪುಣ್ಯಾತ್ಮ. ನಾನು ಬಿಟ್ಟೆ. ಮೂವತ್ತೇಳು ವರ್ಷ ಕಳ್ಳರ ಹಿಂದೆ ಓಡಿದ್ದೀನಿ. ಕಳ್ಳರೆಲ್ಲ ಮಹಡಿ ಕಟ್ಟಿದ್ರು, ನನಗೆ ಮಂಡಿನೋವು ಬಂತು."

"ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳ್ಬೇಕು? ಇವತ್ತೇ ನಿಮ್ಮನ್ನ ಒಳಗೆ ಹಾಕ್ತೀನಿ. ನಾಳೆ ಆ ಹುಡುಗ ಮನೆಗೆ ಹೋಗ್ತಾನೆ."

"ಹಾಕು ಮಗಳೇ."

ಮಗಳೇ ಅಂದದ್ದು ಕೇಳಿ ಅವಳಿಗೆ ಮೈ ಉರಿಯಿತು. ಇಷ್ಟು ವರ್ಷ ಮೇಡಂ ಮೇಡಂ ಅಂದವನು ಈಗ ಮಗಳೇ ಅನ್ನುತ್ತಿದ್ದಾನೆ.

"ಹಾಕೋ ಮುಂಚೆ ಒಂದು ತಿಳ್ಕೊ. ಮಹಜರಿನ ಕೆಳಗೆ ನಿನ್ನ ಸಹಿ ಇದೆ. ಅದು ಹೋಗ್ಲಿ, ಕಣ್ತಪ್ಪಿ ಹಾಕಿದೆ ಅನ್ನಬಹುದು. ದುಡ್ಡನ್ನ ನಾನು ಮೂರು ಪಾಲು ಮಾಡಿದೆ. ಒಂದು ನಂದು. ಒಂದು ಸಾಹೇಬರದು. ಇನ್ನೊಂದು ನಿನ್ನ ಮನೆಗೆ ತಲುಪಿ ನಾಲ್ಕು ದಿನ ಆಯ್ತು."

"ಸುಳ್ಳು."

"ನಿನ್ನ ಯಜಮಾನರು ಎಣಿಸ್ಕೊಂಡ್ರು. ಫೋನ್ ಮಾಡಿ ಕೇಳು."

ಅವಳು ಫೋನ್ ತೆಗೆದಳು. ಮೂರನೇ ರಿಂಗಿಗೆ ಗಂಡ ಎತ್ತಿಕೊಂಡ.

"ಏನೇ, ಈ ಹೊತ್ತಲ್ಲಿ? ಊಟ ಆಯ್ತಾ?"

"ರೀ, ದಫೇದಾರ್ರು ಮನೆಗೆ ಏನಾದ್ರೂ ತಂದುಕೊಟ್ರಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಗಂಡನ ದನಿ ತಗ್ಗಿತು. "ಫೋನಲ್ಲಿ ಯಾಕೆ ಆ ಮಾತು? ನೀನೇ ಕಳಿಸಿದ್ದು ಅಂದ್ರಲ್ಲ."

"ನಾಲ್ಕು ದಿನ ನನಗೆ ಯಾಕೆ ಹೇಳ್ಲಿಲ್ಲ?"

"ನೀನಾಗೇ ಬಾಯಿ ಬಿಡ್ತೀಯ ಅಂತ ಕಾಯ್ತಿದ್ದೆ. ಸಂಕೋಚ ಪಡ್ತಿದ್ದೀಯ ಅನ್ಕೊಂಡೆ." ಅವನು ಮೆಲ್ಲಗೆ ನಕ್ಕ. ಅಂಥ ಅಕ್ಕರೆಯ ನಗು ಅವಳು ಕೇಳಿ ವರ್ಷಗಳಾಗಿದ್ದವು. "ಹದಿನಾರು ವರ್ಷ ಖಾಕಿ ಹಾಕ್ಕೊಂಡು ಒಂದು ಕಾಸು ಮನೆಗೆ ತರದವಳು, ಕೊನೆಗೂ ಬುದ್ಧಿ ಬಂತಲ್ಲ ಅಂತ ತುಂಬಾ ಖುಷಿಯಾಯ್ತು ಕಣೇ. ನಿನ್ನೆ ಹೋಗಿ ಮಗಳ ಕಾಲೇಜಿಗೆ ಕಟ್ಟಿಬಂದೆ. ಸೀಟು ಸಿಕ್ತು. ಅವಳಿಗೆ ಇನ್ನೂ ಹೇಳಿಲ್ಲ. ನೀನೇ ಹೇಳು, ನಿನ್ನ ಬಾಯಿಂದ ಕೇಳಿದ್ರೆ ಚೆಂದ."

ಅವಳಿಗೆ ಬೈಯಬೇಕೆನಿಸಿತು. ಕೂಗಬೇಕೆನಿಸಿತು. ಒಂದು ಕೈಯ ಬೆರಳುಗಳ ನಡುವೆ ಮೇಷ್ಟ್ರ ಆ ಫೋಟೋ ಇತ್ತು. ಅದು ಇರುವುದು ಒಂದೇ ಪ್ರತಿ. ಮುದುರಿದರೆ ಒಂದು ಹಿಡಿಗೂ ಬರುವಷ್ಟಿಲ್ಲ. ಅದು ಕೋರ್ಟು ಸೇರಿದರೆ ಲೈಟಿನವನು ಮನೆಗೆ, ಮೇಷ್ಟ್ರೂ ದಫೇದಾರನೂ ಒಳಗೆ, ಅವಳ ಗಂಡನೂ ಒಳಗೆ, ಮಗಳ ಸೀಟು ಬೀದಿಗೆ. ಸೇರದಿದ್ದರೆ ನಾಳೆ ಹನ್ನೊಂದಕ್ಕೆ ಏನಾಗುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ.

ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಿದ್ದರು.

"ಹಲೋ? ಇದ್ದೀಯಾ?" ಎಂದ ಗಂಡ.

"ಇದ್ದೀನಿ," ಎಂದಳು. ಆಮೇಲೆ ಅವಳ ಬಾಯಿಂದ ಬಂದ ಮಾತು ಅವಳಿಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು.

"ಇನ್ನು ಎಷ್ಟು ಉಳಿದಿದೆ?"

ಅವಳು ಇನ್‌ಸ್ಪೆಕ್ಟರ್ ಆದ ಮೇಲೆ ಒಂದು ದಿನವೂ ಅವಳೆದುರು ಕೂರದ ದಫೇದಾರ, ಕ್ಯಾಷಿಯರನ ಮಂಚದ ಮೇಲೆ ಆರಾಮವಾಗಿ ಕೂತುಕೊಂಡ.